ಕತ್ತಲೆ ಕೋಣೆಯ ಮೂವತ್ತು ಮೊಟ್ಟೆಗಳು

ದೆವ್ವ ಕಂಡಿತು, ಸತ್ತವರ ದನಿ ಕೇಳಿಸಿತು, ಕನಸಿನಲ್ಲಿ ಬಂದು ಹೇಳಿದ್ದು ನಿಜವಾಯಿತು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಸುಮ್ಮನೆ ಹೋಗುತ್ತಿರಲಿಲ್ಲ, ಒಂದು ಕೊಂಕು ಆಡಿಯೇ ಹೋಗುತ್ತಿದ್ದೆ. ಗದಗಿನ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯ ಮೈಮೇಲೆ ದೇವರು ಬಂದಾಗ, "ದೇವರಿಗೆ ಚಾ ಬೇಕೇನ ಕೇಳ್ರಿ" ಎಂದು ಅಡುಗೆಮನೆಯಿಂದ ಕೂಗಿ ಅವ್ವನ ಕೈಯಲ್ಲಿ ಬೈಸಿಕೊಂಡವಳು ನಾನು. ಈಗಲೂ ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಮೊನ್ನೆ ಪೇಪರಿನಲ್ಲಿ, ಯಾವುದೋ ದೇಶದ ಕಡಲ ದಂಡೆಯಲ್ಲಿ ಹಕ್ಕಿ ಜ್ವರ ಬಂದು ಸತ್ತ ಕಡಲ ಹಕ್ಕಿಗಳ ರಾಶಿಯ ಚಿತ್ರ ನೋಡಿದೆ. ಬಿಳಿ ರೆಕ್ಕೆ, ಕೆಂಪು ಕಾಲು. ಕಾಫಿ ಲೋಟ ಕೈಯಲ್ಲೇ ತಣ್ಣಗಾಯಿತು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇನ್ನು ಬರೆದುಬಿಡುವುದೇ ಸರಿ ಎನ್ನಿಸಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಬ್ಬಾಳದ ಕಡೆ, ಕೋಳಿ ರೋಗಗಳನ್ನು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನಗೆ ಟೆಕ್ನಿಷಿಯನ್ ಕೆಲಸ. ಆರ್.ಟಿ. ನಗರದಲ್ಲಿ ಒಂದು ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಊರಿಂದ ಬರುವ ಪತ್ರಗಳಲ್ಲಿ ಅದೊಂದೇ ಪ್ರಶ್ನೆ ಇರುತ್ತಿತ್ತಾದ್ದರಿಂದ ಅವನ್ನು ಒಡೆದು ನೋಡುವುದನ್ನೂ ಬಿಟ್ಟಿದ್ದೆ. ನನ್ನ ಮಾತು ಕೇಳಿದರೆ ಮನೆ ಮಾಲೀಕರ ಹೆಂಡತಿಗೆ ನಗು. "ಹೌದ್ರೀ" ಅಂದರೆ ಸಾಕು, ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಹಾಗಾಗಿ ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ನಾನು ಬಾಯಿ ತೆರೆಯುತ್ತಿದ್ದದ್ದು ಒಬ್ಬರ ಹತ್ತಿರ ಮಾತ್ರ.

ಅವರು ಖಾದರ್ ಸಾಬ್ರು, ನಮ್ಮ ಪ್ರಯೋಗಾಲಯದ ಅಟೆಂಡರ್. ಐವತ್ತರ ಮೇಲಿನ ವಯಸ್ಸು. ಅವರ ಮನೆಯೂ ಆರ್.ಟಿ. ನಗರದಲ್ಲೇ, ನನ್ನ ಕೋಣೆಯಿಂದ ನಾಲ್ಕು ಬೀದಿ ಆಚೆ. ಮನೆಯಲ್ಲಿ ಉರ್ದು, ನನ್ನ ಹತ್ತಿರ ಬೆಂಗಳೂರು ಕನ್ನಡ. "ನಿಮ್ ಕನ್ನಡ ಒಳ್ಳೆ ಜೋಳದ್ ರೊಟ್ಟಿ ಥರ ಮೇಡಂ, ಅಗೀಬೇಕು" ಎಂದು ಕಿಚಾಯಿಸುತ್ತಿದ್ದರು. ಅವರು ಕಿಚಾಯಿಸಿದರೆ ನನಗೆ ಬೇಜಾರಾಗುತ್ತಿರಲಿಲ್ಲ.

ನಮ್ಮ ಕೆಲಸದ ಒಂದು ಕ್ರಮವನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸತ್ತ ಹಕ್ಕಿಯಲ್ಲಿ ರೋಗಾಣು ಇದೆಯೇ ಎಂದು ನೋಡಲು, ಅದರಿಂದ ತೆಗೆದ ದ್ರವವನ್ನು ಮರಿ ಬೆಳೆಯುತ್ತಿರುವ ಕೋಳಿಮೊಟ್ಟೆಗಳಿಗೆ ಸೂಜಿಯಲ್ಲಿ ಹಾಕಿ ಕಾವುಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಆಮೇಲೆ ದಿನಾ ಅವನ್ನು ಕತ್ತಲೆ ಕೋಣೆಗೆ ಒಯ್ದು ಒಂದೊಂದಾಗಿ ದೀಪಕ್ಕೆ ಹಿಡಿಯಬೇಕು. ದೀಪವೆಂದರೆ ಒಂದು ತಗಡಿನ ಡಬ್ಬಿ, ಒಳಗೆ ಬಲ್ಬು, ಮುಂದೆ ಒಂದು ತೂತು. ಮರಿ ಬದುಕಿದ್ದರೆ ಕೆಂಪು ನರಗಳ ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತದೆ. ಸತ್ತಿದ್ದರೆ ನರ ಮಾಸಿ ಕಪ್ಪು ಮುದ್ದೆಯೊಂದು ಸುಮ್ಮನೆ ಕೂತಿರುತ್ತದೆ. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತು ಮೊಟ್ಟೆಯ ನಂಬರು ಹೇಳಿ "ಜೀವ" ಅಥವಾ "ಇಲ್ಲ" ಎನ್ನಬೇಕು. ಖಾದರ್ ಸಾಬ್ರು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ಕೆಂಪು ಬಟ್ಟೆ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ರಿಜಿಸ್ಟರಿನಲ್ಲಿ ಬರೆದು, "ಬರ್ಕೊಂಡೆ" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ನಾನು ಮುಂದಿನ ಮೊಟ್ಟೆ ಮುಟ್ಟುವಂತಿಲ್ಲ. ಹಿಂದೊಮ್ಮೆ ನಂಬರು ಅದಲುಬದಲಾಗಿ, ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಡಾಕ್ಟರು ಕೂಗಾಡಿದ ಮೇಲೆ ನಾವೇ ಮಾಡಿಕೊಂಡ ಕಟ್ಟಳೆ ಇದು. ವರ್ಷಗಟ್ಟಲೆ ದಿನಾ ಕತ್ತಲೆಯಲ್ಲಿ ಅದೇ ದನಿ ಕೇಳಿ ಕೇಳಿ ನನಗೆ ಅದು ಉಸಿರಿನಷ್ಟೇ ರೂಢಿಯಾಗಿತ್ತು.

ಆ ವರ್ಷ ಚಳಿಗಾಲದಲ್ಲಿ ಪ್ರಯೋಗಾಲಯದ ಹತ್ತಿರದ ಹೆಬ್ಬಾಳ ಕೆರೆಗೆ ಎಲ್ಲಿಂದಲೋ ಒಂದು ಹಿಂಡು ಕಡಲ ಹಕ್ಕಿ ಬಂದಿಳಿಯಿತು. ಬಿಳಿ ಮೈ, ಕೆಂಪು ಕಾಲು. ನಾನು ಅಲ್ಲಿಯವರೆಗೆ ಸಮುದ್ರವನ್ನೂ ನೋಡಿರಲಿಲ್ಲ, ಸಮುದ್ರದ ಹಕ್ಕಿಯನ್ನೂ ನೋಡಿರಲಿಲ್ಲ. ಒಂದು ವಾರ ದಿನಾ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಏರಿಯ ಮೇಲೆ ಹೋಗಿ ಕೂತು ಅವನ್ನು ನೋಡುತ್ತಾ ಊಟ ಮಾಡಿದೆ. ಎಲ್ಲಿಯ ಹಕ್ಕಿ, ಎಲ್ಲಿಯ ಕೆರೆ, ನನ್ನ ಹಾಗೇ ದಾರಿ ತಪ್ಪಿ ಬಂದಿವೆ ಪಾಪ ಅಂದುಕೊಳ್ಳುತ್ತಿದ್ದೆ. ಆಮೇಲೆ ಅವು ಸಾಯತೊಡಗಿದವು. ಕತ್ತು ತಿರುಚಿಕೊಂಡು, ನೀರಿನ ಅಂಚಿನಲ್ಲಿ ಗಿರಗಿರ ಸುತ್ತಿ ಬೀಳುತ್ತಿದ್ದವು. ಸೋಮವಾರ ಡಾಕ್ಟರು ನಾಲ್ಕೈದು ಸತ್ತ ಹಕ್ಕಿ ತರಿಸಿ ಎಂದರು.

ಖಾದರ್ ಸಾಬ್ರು ಗೋಣಿಚೀಲ ಹಿಡಿದು ಹೊರಟವರು ಬಾಗಿಲಲ್ಲಿ ನಿಂತು, "ಮೇಡಂ, ಗ್ಲೌಸ್ ಇದ್ರೆ ಕೊಡ್ತೀರಾ?" ಎಂದು ಕೇಳಿದರು.

ಗ್ಲೌಸು ಇತ್ತು. ತೂತಿಲ್ಲದ್ದು ಒಂದೇ ಜೊತೆ, ನನ್ನ ಡ್ರಾಯರಿನಲ್ಲಿ. ಆದರೆ ನಮ್ಮಲ್ಲಿ ಗ್ಲೌಸು ಹಾಕುತ್ತಿದ್ದದ್ದು ನಮ್ಮ ಕೈಯ ಕೊಳೆ ಮೊಟ್ಟೆಗೆ ತಾಗಿ ಕೆಡದಿರಲೆಂದು. ಹಕ್ಕಿಯಿಂದ ನಮ್ಮ ಕೈಗೆ ಏನಾದರೂ ಬಂದೀತು ಎಂದು ಅಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಕೋಳಿಯ ರೋಗ ಕೋಳಿಗೆ, ಮನುಷ್ಯರದು ಮನುಷ್ಯರಿಗೆ, ಅಷ್ಟೇ ನಮ್ಮ ತಿಳಿವಳಿಕೆ.

"ಅವು ಮೊಟ್ಟಿಗೆ ಬೇಕ್ರಿ, ಸಾಬ್ರ. ಹರದ್ರ ಬ್ಯಾರೆ ಇಲ್ಲ" ಎಂದೆ. ತಲೆ ಎತ್ತಿಯೂ ನೋಡಲಿಲ್ಲ.

"ಸರಿ ಬಿಡಿ. ಮೂವತ್ ವರ್ಷ ಕೋಳಿ ಹಿಡ್ದಿರೋ ಕೈ ಇದು, ಏನಾಗತ್ತೆ" ಎಂದು ನಗುತ್ತಾ ಹೋದರು. ಬರಿಗೈಯಲ್ಲಿ ಹಕ್ಕಿ ಆರಿಸಿ ತಂದರು. ನಾನು ಆ ಗ್ಲೌಸು ಹಾಕಿಕೊಂಡು ಮರುದಿನ ಮೂವತ್ತು ಮೊಟ್ಟೆಗೆ ಸೂಜಿ ಹಾಕಿದೆ.

ಗುರುವಾರ ಅವರಿಗೆ ಜ್ವರ ಬಂತು. ಶುಕ್ರವಾರ ಉಸಿರು ಕಟ್ಟಿ, ಶಿವಾಜಿನಗರದ ಕಡೆ ಒಂದು ಆಸ್ಪತ್ರೆಗೆ ಸೇರಿಸಿದರೆಂದು ಗೇಟಿನ ವಾಚ್‌ಮನ್ ಹೇಳಿದ. ಶನಿವಾರ ಬೇರೆ ವಿಭಾಗದ ಗುಮಾಸ್ತರೊಬ್ಬರನ್ನು ಕಾಡಿಬೇಡಿ ರಿಜಿಸ್ಟರು ಬರೆಸಿದೆ. ಆಸ್ಪತ್ರೆಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಗ್ಲೌಸು ನನ್ನ ಡ್ರಾಯರಿನಲ್ಲಿ ಮಡಚಿ, ಪೌಡರು ಹಾಕಿ ಇಟ್ಟಿತ್ತು.

ಭಾನುವಾರವಾದರೂ ಮೊಟ್ಟೆ ನೋಡಲೇಬೇಕು, ಅವಕ್ಕೆ ರಜೆಯಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದೆ. ಡಾಕ್ಟರು ಊರಲ್ಲಿರಲಿಲ್ಲ. ವಾಚ್‌ಮನ್ ಬೀಗದ ಕೈ ಕೊಟ್ಟು ಗೇಟಿಗೆ ಹೋಗಿ ಕೂತ. ಇಡೀ ಕಟ್ಟಡದಲ್ಲಿ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಒಂದೊಂದು ಮೊಟ್ಟೆ ನೋಡಿದ ಮೇಲೂ ಹೋಗಿ ನಾನೇ ಬರೆದರಾಯಿತೆಂದು ರಿಜಿಸ್ಟರನ್ನು ಅವರ ಸ್ಟೂಲಿನ ಮೇಲೆ ಬಿಡಿಸಿಟ್ಟು, ಬಾಗಿಲಿನ ಕಪ್ಪು ಪರದೆ ಎಳೆದು, ದೀಪದ ಮುಂದೆ ನಿಂತೆ.

"ಒಂದು, ಜೀವ" ಎಂದೆ.

"ಬರ್ಕೊಂಡೆ."

ಎರಡನೆಯದನ್ನು ಎತ್ತಿದೆ. ಮೂರನೆಯದನ್ನು ಎತ್ತಿದೆ. ನೀವು ನಂಬುತ್ತೀರೋ ಇಲ್ಲವೋ, ನನಗೆ ಏನೂ ಅನ್ನಿಸಲಿಲ್ಲ. ದಿನಾ ಆಗುವುದೇ ಆಗುತ್ತಿದೆಯಲ್ಲ! ಹನ್ನೆರಡನೆಯ ಮೊಟ್ಟೆ ಕೈಯಲ್ಲಿದ್ದಾಗ, ಇವತ್ತು ಭಾನುವಾರ, ಬೆನ್ನ ಹಿಂದೆ ಯಾರೂ ಇಲ್ಲ ಎಂಬುದು ನೆನಪಾಯಿತು. ಹಿಂದೆ ಕೆಂಪು ಟಾರ್ಚಿನ ಬೆಳಕೂ ಇರಲಿಲ್ಲ.

ಬೇರೆಯವರಾಗಿದ್ದರೆ ಪರದೆ ಕಿತ್ತುಕೊಂಡು ಓಡುತ್ತಿದ್ದರು. ನಾನು ಓಡಲಿಲ್ಲ, ತಿರುಗಿಯೂ ನೋಡಲಿಲ್ಲ. ಧೈರ್ಯದಿಂದಲ್ಲ. ತಿರುಗಿದರೆ ಆ ದನಿ ನಿಂತುಹೋಗುತ್ತದೆ ಎನ್ನಿಸಿತು, ನಿಲ್ಲುವುದು ನನಗೆ ಬೇಡವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಮೂರು ದಿನದಲ್ಲಿ ನನ್ನ ಮಾತಿಗೆ ಪ್ರೀತಿಯಿಂದ ಉತ್ತರ ಕೊಟ್ಟ ಮನುಷ್ಯರ ದನಿ ಅದೊಂದೇ. "ಹನ್ನೆರಡು, ಜೀವ" ಎಂದೆ. "ಬರ್ಕೊಂಡೆ" ಎಂದಿತು. ಕೊಂಚ ದಣಿದ ಹಾಗಿತ್ತು, ಅಷ್ಟೇ ವ್ಯತ್ಯಾಸ.

ಹತ್ತೊಂಬತ್ತನೆಯ ಮೊಟ್ಟೆ ಸತ್ತಿತ್ತು. ಆವತ್ತು ಸಿಕ್ಕ ಮೊದಲನೆಯ ಸತ್ತ ಮೊಟ್ಟೆ. ಅದನ್ನು ಬೆಳಕಿಗೆ ಹಿಡಿದುಕೊಂಡು "ಇಲ್ಲ" ಎನ್ನಲು ಬಾಯಿ ಬರಲಿಲ್ಲ. ಆ ಮಾತು ಹೇಳಿದರೆ ಎಲ್ಲಿ ಏನಾಗಿಬಿಡುತ್ತದೋ ಎಂದು ಹೆದರಿಕೆಯಾಯಿತು. ಅಲ್ಲೇ ನಿಂತು ಅತ್ತೆ. ಸದ್ದು ಮಾಡಲಿಲ್ಲ, ತುಟಿ ಕಚ್ಚಿಕೊಂಡು ಅತ್ತೆ. ಕಣ್ಣೀರು ಒರೆಸಲೂ ಆಗಲಿಲ್ಲ, ಕೈಯಲ್ಲಿ ಗ್ಲೌಸಿತ್ತು. ಎಷ್ಟು ಹೊತ್ತು ಕಳೆಯಿತೋ, ಕೊನೆಗೆ ಹೇಗೋ ಹೇಳಿದೆ. ಉತ್ತರ ಬಂತು. ಮೂವತ್ತೂ ಮುಗಿಸಿದೆ.

ಪರದೆ ಸರಿಸಿ ನೋಡಿದರೆ ಸ್ಟೂಲಿನ ಹತ್ತಿರ ಯಾರೂ ಇಲ್ಲ. ರಿಜಿಸ್ಟರಿನ ಪುಟವೂ ಖಾಲಿ, ಒಂದು ಅಕ್ಷರವಿಲ್ಲ, ಪೆನ್ನಿನ ಕ್ಯಾಪೂ ತೆಗೆದಿರಲಿಲ್ಲ. ಯಾವುದು ಜೀವ, ಯಾವುದು ಇಲ್ಲ ಎಂದು ನಾನಾದರೂ ನೆನಪಿಟ್ಟುಕೊಂಡಿರಲಿಲ್ಲ. ಬರ್ಕೊಂಡೆ ಅಂದಿದ್ದರಲ್ಲ!

ಆಗ ಹೆದರಿದೆ. ಅವರು ಹೋಗಿಬಿಟ್ಟರು, ಹೇಳಿ ಹೋಗಲು ಬಂದಿದ್ದರು ಎಂದೇ ತಿಳಿದೆ. ಜೀವನವಿಡೀ ಕೊಂಕಾಡಿದವಳು ಆ ಗಳಿಗೆಯಲ್ಲಿ ಹಾಗೆ ನಂಬಿದೆ. ಮೊಟ್ಟೆಗಳನ್ನು ಕಾವಿಗಿಟ್ಟು, ಓಡಿ ಬಸ್ಸು ಹಿಡಿದೆ. ಆಸ್ಪತ್ರೆಯ ವರಾಂಡದಲ್ಲಿ ಅವರ ಹೆಂಡತಿ ಜೈನಬಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನನ್ನ ಕೈ ಹಿಡಿದುಕೊಂಡರು.

"ಈಗ ಪರ್ವಾಗಿಲ್ಲ ಅಕ್ಕಾ, ಜ್ವರ ಸ್ವಲ್ಪ ಇಳೀತು. ಬೆಳಿಗ್ಗೆ ಹತ್ ಗಂಟೆ ಟೈಮಲ್ಲಿ ಬಹಳ ಜೋರಿತ್ತು. ಪ್ರಜ್ಞೆ ಇಲ್ಲ. ಸುಮ್ನೆ ಬರ್ಕೊಂಡೆ, ಬರ್ಕೊಂಡೆ ಅಂತ ಒಂದೇ ಮಾತು. ಅಲ್ಲಾ, ಏನ್ ಬರೀತಾರೆ ಅಂತ ನಂಗ್ ಭಯ ಆಗೋಯ್ತು."

ಗೋಡೆಗೆ ಒರಗಿ ನಿಂತುಕೊಂಡೆ. ಅವರು ಬದುಕಿದ್ದರು, ನನಗೆ ಅಷ್ಟು ಸಾಕಾಗಿತ್ತು. ಸಂಜೆ ವಾಪಸು ಹೋಗಿ, ಒಂದೊಂದು ಮೊಟ್ಟೆಗೂ ಬಾಗಿಲ ತನಕ ನಡೆದು ಬರೆದು, ಮೂವತ್ತನ್ನೂ ಇನ್ನೊಮ್ಮೆ ನೋಡಿದೆ. ಆಗ ಯಾರೂ ಮಾತಾಡಲಿಲ್ಲ.

ರಾತ್ರಿ ಕೋಣೆಯಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರೂಢಿಯಾದ ದನಿ, ತಪ್ಪು ಮಾಡಿದ ಮನಸ್ಸು, ಕತ್ತಲೆ, ಕೇಳಿಸದೆ ಇರುತ್ತದೆಯೇ? ಅವರಿಗೂ ಹಾಗೇ. ಜ್ವರದ ತಾಪಕ್ಕೆ ದಿನಾ ಆಡುವ ಮಾತೇ ಬಾಯಿಗೆ ಬಂದಿದೆ. ಎರಡೂ ಒಂದೇ ಹೊತ್ತಿಗೆ ಬಂದದ್ದು ಕಾಕತಾಳೀಯ. ಇದನ್ನು ನಾನು ಈಗಲೂ ಒಪ್ಪುತ್ತೇನೆ. ಆ ಜ್ವರ ಹಕ್ಕಿಯಿಂದಲೇ ಬಂದದ್ದೋ ಅಲ್ಲವೋ ಎಂಬುದೂ ತಿಳಿಯಲಿಲ್ಲ. ಆಸ್ಪತ್ರೆಯವರು ನ್ಯುಮೋನಿಯಾ ಎಂದರು. ಮೊಟ್ಟೆಯ ದ್ರವವನ್ನು ನಮ್ಮ ಡಾಕ್ಟರು ಉತ್ತರ ಭಾರತದ ಯಾವುದೋ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು, ಉತ್ತರ ಬರಲೇ ಇಲ್ಲ. ಉಳಿದ ಹಕ್ಕಿಗಳು ಒಂದು ದಿನ ಎದ್ದು ಹೋದವು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸುಮಾರು ಒಂದೂವರೆ ತಿಂಗಳ ಮೇಲೆ ಖಾದರ್ ಸಾಬ್ರು ಕೆಲಸಕ್ಕೆ ಬಂದರು. ಅರ್ಧ ಆಳಾಗಿದ್ದರು, ಶರಟು ಹೆಗಲಿನಿಂದ ಜಾರುತ್ತಿತ್ತು. ಅವರು ಬರುವ ಮೊದಲೇ ಗ್ಲೌಸು ತೆಗೆದು ಅವರ ಸ್ಟೂಲಿನ ಮೇಲೆ ಇಟ್ಟಿದ್ದೆ. ನೋಡಿದರು, ಜೇಬಿಗೆ ಹಾಕಿಕೊಂಡರು. ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಆ ಭಾನುವಾರದ ವಿಷಯವನ್ನಂತೂ ಅವರಿಗಾಗಲಿ ಜೈನಬಿಗಾಗಲಿ, ಯಾರಿಗೂ ಹೇಳಿರಲಿಲ್ಲ.

ಕತ್ತಲೆ ಕೋಣೆಗೆ ಹೋದೆವು. ಬೇರೆ ಯಾವುದೋ ಕೋಳಿ ಫಾರಮ್ಮಿನ ಮೊಟ್ಟೆಗಳು. ಒಂದು, ಎರಡು ಎಂದು ಸಾಗಿ ಹತ್ತೊಂಬತ್ತಕ್ಕೆ ಬಂತು. "ಹತ್ತೊಂಬತ್ತು, ಜೀವ" ಎಂದೆ. ಮೊಟ್ಟೆ ಹಿಡಿದುಕೊಂಡೇ ಕಾದೆ.

"ಮೇಡಂ, ಆವತ್ತು ಭಾನುವಾರ ಇದೇ ನಂಬರ್ ಹತ್ರ ಯಾಕೆ ಅತ್ರಿ?" ಎಂದರು. ದನಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಮಳೆ ನಿಂತಿತಾ ಎಂದು ಕೇಳುವಷ್ಟು ಸಹಜವಾಗಿ ಕೇಳಿದರು.

ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಬೇಕಿತ್ತು. ಅಲ್ಲಿ ಯಾರೂ ಇರಲಿಲ್ಲ, ನಾನು ಸದ್ದು ಮಾಡಿರಲಿಲ್ಲ. ಇದಕ್ಕೊಂದು ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಅವರು ತೀರಿಕೊಂಡೂ ಬಹಳ ವರ್ಷವಾಯಿತು, ಇನ್ನು ಕೇಳಲು ಯಾರೂ ಇಲ್ಲ. ಆವತ್ತು ನಾನು ದೀಪದಿಂದ ಕಣ್ಣು ತೆಗೆಯದೆ, "ಇಲ್ರೀ ಸಾಬ್ರ, ನಾ ಎಲ್ಲಿ ಅತ್ತೇನಿ" ಎಂದುಬಿಟ್ಟೆ.

ರಿಜಿಸ್ಟರಿನ ಮೇಲೆ ಪೆನ್ನು ಓಡಿದ ಸದ್ದು ಕೇಳಿಸಿತು. ಆಮೇಲೆ ಕತ್ತಲೆಯಲ್ಲಿ ಎಂದಿನ ದನಿಯಲ್ಲಿ, "ಬರ್ಕೊಂಡೆ" ಎಂದರು.