ನೆಗೆಣ್ಣಿ ಮನೆಯ ಈಜುಕೊಳ

ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೇ ಕ್ಲಾಸು ಓದಿದವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಹೊಟ್ಟೆಕಿಚ್ಚು ನನ್ನ ನೆಗೆಣ್ಣಿಯ ಮೇಲೆ. ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮನೆ ಪಾಲಾದಾಗ ಇದ್ದದ್ದು ಎರಡು ತುಂಡು ಭೂಮಿ. ಹೊಸಪೇಟೆಯಲ್ಲಿ ಕಾಲುವೆಗೆ ಹತ್ತಿದ ಗದ್ದೆ ಒಂದು, ಪಾಪಿನಾಯಕನಹಳ್ಳಿಯಾಚೆ ಸಜ್ಜೆಯೂ ಸರಿಯಾಗಿ ಬೆಳೆಯದ ಕೆಂಪು ಹೊಲ ಇನ್ನೊಂದು. ಹಠ ಹಿಡಿದು, ಅತ್ತು, ಒಂದು ಹೊತ್ತು ಊಟ ಬಿಟ್ಟು ಗದ್ದೆ ಇಸಿದುಕೊಂಡವಳು ನಾನೇ. ನೆಗೆಣ್ಣಿ ಮಾತಾಡದೆ ಕೆಂಪು ಹೊಲಕ್ಕೆ ಹೋದಳು. ಇಪ್ಪತ್ತು ವರ್ಷ ನಾನು ಅವಳಿಗೆ ಹಬ್ಬಕ್ಕೆ ಅಕ್ಕಿ ಕಳಿಸುತ್ತಿದ್ದೆ. ಕಳಿಸುವಾಗ ಒಳಗೊಳಗೇ ಖುಷಿಯಾಗುತ್ತಿತ್ತು.

ಆಮೇಲೆ ಅದಿರಿಗೆ ರೇಟು ಬಂತು. ಸಂಡೂರು ರಸ್ತೆಯಲ್ಲಿ ಟಿಪ್ಪರುಗಳು ಒಂದರ ಹಿಂದೆ ಒಂದು. ಅದಿರು ಸುರಿಯಲು ಜಾಗ ಬೇಕಾಯಿತು, ನೆಗೆಣ್ಣಿಯ ಹೊಲ ಯಾರ್ಡಾಯಿತು. ಎರಡೇ ವರ್ಷದಲ್ಲಿ ಬಂಗಲೆ ಎದ್ದಿತು. ನೆಂಟರೆಲ್ಲ ಅವಳಿಗೆ ‘ಬರ್ರಿ, ಕುಂದ್ರಿ’ ಅನ್ನತೊಡಗಿದರು. ನಾನೊಬ್ಬಳು ಬೇಕಂತಲೇ ಮೊದಲಿನ ಹಾಗೆ ‘ಬಾ ಅಕ್ಕಾ’ ಅಂತಲೇ ಉಳಿದೆ. ನನ್ನ ಗದ್ದೆಯ ಭತ್ತದ ಮೇಲೆ ಅವಳ ಯಾರ್ಡಿಗೆ ಹೋಗುವ ಟಿಪ್ಪರುಗಳ ಧೂಳು ಕೂರುತ್ತಿತ್ತು. ನಾನು ರಸ್ತೆ ಬದಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ಅಂಗಡಿ ಇಟ್ಟೆ. ತಿನ್ನುವವರು ಅವಳ ಯಾರ್ಡಿನ ಡ್ರೈವರುಗಳು. ಅವರಲ್ಲಿ ಒಬ್ಬ ನನ್ನ ಸ್ವಂತ ಮಗ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳಿಗೂ ನನಗೂ ಒಂದೇ ವಯಸ್ಸಿನ ಮೊಮ್ಮಕ್ಕಳು, ಹದಿಮೂರರ ಹುಡುಗಿಯರು. ಇಬ್ಬರೂ ಒಂದೇ ಆಟಕ್ಕೆ ಬಿದ್ದರು.

ಆ ಆಟದ ಹೆಸರು ಮಾಡರ್ನ್ ಪೆಂಟಾಥ್ಲಾನ್. ನನ್ನ ಬಾಯಿಗೆ ಹೊರಳುವುದಿಲ್ಲ, ನಾನು ಐದಾಟ ಅನ್ನುತ್ತೇನೆ. ಓಡಬೇಕು, ಈಜಬೇಕು, ಪಿಸ್ತೂಲು ಹೊಡೆಯಬೇಕು, ಕತ್ತಿ ಹಿಡಿಯಬೇಕು, ಕುದುರೆ ಹತ್ತಬೇಕು. ಒಬ್ಬರೇ ಎಲ್ಲ ಮಾಡಬೇಕು. ಶನಿವಾರ ಮೈದಾನದಲ್ಲಿ ಊರಿನ ಮಕ್ಕಳನ್ನೆಲ್ಲ ಓಡಿಸುತ್ತಿದ್ದ ಪಿ.ಟಿ. ಮೇಷ್ಟ್ರು ಒಂದು ದಿನ ನನ್ನ ಅಂಗಡಿಗೆ ಬಂದು ಇದನ್ನೆಲ್ಲ ವಿವರಿಸಿದರು.

“ಅಮ್ಮಾ, ನಿಮ್ಮ ಹುಡುಗಿ ಕಾಲಾಗ ಭಾಳ ದಮ್ಮೈತಿ. ಈಜ್ತಾಳೂ ಅಂತೀರಿ. ಈ ವಯಸ್ಸಿಗೆ ಓಟ, ಈಜು, ಪಿಸ್ತೂಲು ಮೂರೇ ಸಾಕು. ನಮ್ಮ ಕಡೆಯಿಂದ ಒಬ್ಬಾಕಿನ್ನ ಬೆಂಗಳೂರು ಕ್ಯಾಂಪಿಗೆ ಆರಿಸ್ತಾರ. ಅಲ್ಲಿ ಕತ್ತಿ, ಕುದ್ರಿ ಎಲ್ಲಾ ಅವ್ರೇ ಕಲಸ್ತಾರ, ಊಟ ವಸ್ತಿ ಅವ್ರದೇ.”

“ಒಬ್ಬಾಕಿನ್ನ ಅಷ್ಟೇ ಏನ್ರಿ?”

“ಒಬ್ಬಾಕಿನ್ನ ಅಷ್ಟೇ. ಈಜಾಕ ಓಡಾಕ ಎರಡೂ ಬರೋರು ಇಬ್ರೇ ಅದಾರ. ನಿಮ್ಮಾಕಿ, ನಿಮ್ಮ ನೆಗೆಣ್ಣಿಯವ್ರ ಮೊಮ್ಮಗಳು.”

ಕೈಯಲ್ಲಿದ್ದ ಮಿರ್ಚಿ ಎಣ್ಣೆಗೆ ಜಾರಿ ಬಿತ್ತು. ಮೊಣಕೈಗೆ ಸಿಡಿಯಿತು. ಗುರುತು ಈಗಲೂ ಇದೆ.

ನೆಗೆಣ್ಣಿ ಕೂಡಲೇ ಕುದುರೆ ತರಿಸಿದಳು. ಬೇಕಿಲ್ಲದಿದ್ದರೂ ಮುಂದೆ ಬೇಕಾಗುತ್ತದೆ ಅಂತ. ಬಿಳಿ ಕುದುರೆ. ಅದಿರಿನ ಧೂಳಿಗೆ ಒಂದು ತಿಂಗಳಲ್ಲಿ ಕೆಂಪು ಕುದುರೆಯಾಯಿತು. ಅದನ್ನು ನೋಡಿದ ದಿನ ರಾತ್ರಿ ನಾನು ಒಂದು ರೊಟ್ಟಿ ಹೆಚ್ಚು ತಿಂದೆ. ಆದರೆ ಬಂಗಲೆಯ ಹಿಂದೆ ಈಜುಕೊಳ ಕಟ್ಟಿಸಿದರು ನೋಡಿ, ಅದಕ್ಕೆ ಧೂಳು ಬೀಳದ ಹಾಗೆ ಮೇಲೆ ಶೀಟು ಹೊದೆಸಿದ್ದರು. ಒಳಗೆಲ್ಲ ನೀಲಿ ಟೈಲ್ಸು. ಈಜು ಕಲಿಸಲು ದಾವಣಗೆರೆಯಿಂದ ಒಬ್ಬ ಹೆಣ್ಣುಮಗಳು ಬಂದು ಅಲ್ಲೇ ಇದ್ದಳು.

ನಮ್ಮ ಹುಡುಗಿಗೆ ಕಲಿಸಿದವಳು ನಾನು. ನಾನು ಕಂಪ್ಲಿಯವಳು. ಹೊಳೆ ದಂಡೆಯ ಮಕ್ಕಳು ಈಜುವುದು ಒಂದೇ ರೀತಿ. ಮೇಲಿನ ಕಲ್ಲಿನಿಂದ ಇಳಿಯುವುದು, ನೀರು ಹೋದ ಕಡೆಗೆ ಕೈ ಬೀಸುವುದು, ಕೆಳಗೆ ಎಲ್ಲೋ ದಡ ಹತ್ತುವುದು, ದಂಡೆಗುಂಟ ಓಡಿ ವಾಪಸ್ ಬಂದು ಮತ್ತೆ ಇಳಿಯುವುದು. ನೀರಿಗೆ ಎದುರಾಗಿ ಈಜುವವರನ್ನು ನೋಡಿ ನಾವು ನಗುತ್ತಿದ್ದೆವು. ಹಾಗೆಯೇ ಇವಳನ್ನೂ ಕಾಲುವೆಯಲ್ಲಿ ಬಿಟ್ಟೆ. ಈ ಸೇತುವೆಯಿಂದ ಆ ಸೇತುವೆಗೆ ಈಜು, ದಂಡೆಯ ಮೇಲೆ ಓಡುತ್ತ ವಾಪಸ್. ದಿನಕ್ಕೆ ಹತ್ತು ಸಲ. ಓಟ ಬಂದದ್ದೂ ಅದರಿಂದಲೇ.

ಭಾನುವಾರ ಹಂಪಿಯವರೆಗೆ ಓಡುತ್ತಿದ್ದಳು. ನಾನು ಬಸ್ಸಿನಲ್ಲಿ ಹೋಗಿ ಕಾಯುತ್ತಿದ್ದೆ. ಅಲ್ಲಿ ವಿದೇಶಿ ಹೆಂಗಸರೂ ಓಡುತ್ತಿದ್ದರು. ಇವಳ ಕಾಲಲ್ಲಿ ಕ್ಯಾನ್ವಾಸು ಬೂಟು, ಅವರ ಕಾಲಲ್ಲಿ ಬೆಣ್ಣೆಯಂಥ ಶೂ. ಅವರ ಮುಖ ನನಗೆ ನೆನಪಿಲ್ಲ, ಶೂ ನೆನಪಿದೆ.

ಎರಡು ಸೇತುವೆಗಳ ನಡುವಿನ ದಾರಿಯನ್ನು ನಾನು ಹೆಜ್ಜೆ ಹಾಕಿ ಅಳೆದೆ. ಸ್ಪರ್ಧೆಯ ದೂರಕ್ಕೆ ಸರಿಯಾಗಿತ್ತು. ಮಗನ ಮೊಬೈಲಿನಲ್ಲಿ ಟೈಮು ಹಿಡಿದೆ. ಮೇಷ್ಟ್ರಿಗೆ ಹೇಳಿದರೆ ಅವರು ನಂಬಲಿಲ್ಲ.

“ಎಲ್ಲಿ ಈಜಿದ್ಲು?”

“ಕಾಲುವ್ಯಾಗ.”

“ಕಾಲುವಿ ನೀರು ದೂಕ್ತತಿ ಅಮ್ಮಾ. ಅದು ಟೈಮಲ್ಲ. ಕೊಳದಾಗ ನೀರು ನಿಂತಿರ್ತತಿ. ಗ್ವಾಡಿ ಮುಟ್ಟಿ ತಿರುಗಬೇಕು. ಅದೇ ಒಂದು ವಿದ್ಯೆ. ನಿಮ್ಮ ನೆಗೆಣ್ಣಿಯವ್ರ ಮನ್ಯಾಗ ಕೊಳ ಐತಲ್ಲ, ಅಲ್ಲಿಗೆ ಕಳಸ್ರಿ.”

ನೆಗೆಣ್ಣಿಯ ಗುಂಪಿಗೆ ಮೇಷ್ಟ್ರೂ ಸೇರಿದರು ಅಂದುಕೊಂಡೆ. ಅಂದು ಅವರ ತಟ್ಟೆಗೆ ಒಂದೇ ಮಿರ್ಚಿ ಹಾಕಿದೆ.

ವಾರ ಕಳೆಯಲಿಲ್ಲ, ನೆಗೆಣ್ಣಿಯೇ ಬಂದಳು. ಬಿಳಿ ಕಾರು ಅಂಗಡಿ ಮುಂದೆ ನಿಂತಿತು. ಇಳಿದು ನನ್ನ ಬೆಂಚಿನ ಮೇಲೆ ಕೂತಳು. ರೇಷ್ಮೆ ಸೀರೆಗೆ ಎಣ್ಣೆ ಹತ್ತುತ್ತದೆ ಅಂತಲೂ ನೋಡಲಿಲ್ಲ, ಅದೂ ನನಗೆ ಸಿಟ್ಟು ತರಿಸಿತು.

“ಏನ್ಲೇ, ಎರಡು ಮಿರ್ಚಿ ಕೊಡು.”

“ಬಂಗ್ಲೆದೋರು ನಮ್ಮ ಮಿರ್ಚಿ ತಿಂದ್ರ ಹೊಟ್ಟಿ ಕೆಡ್ತತಿ.”

“ಕೆಡ್ಲಿ ಕೊಡು. ನಮ್ಮನಿ ಅಡಿಗಿಯಾಕಿ ಉಪ್ಪು ಹಾಕಾಕೂ ಡಾಕ್ಟರ್ನ ಕೇಳ್ತಾಳ.” ಒಂದು ಕಚ್ಚಿ ಹೇಳಿದಳು, “ನಿನ್ನ ಹುಡುಗೀನ ನಮ್ಮನಿಗೆ ಕಳಸು. ಇಬ್ರೂ ಕೂಡಿ ಈಜ್ಲಿ. ಕಲಸಾಕಿ ಅದಾಳ, ನಮ್ಮಾಕಿಗೂ ಒಂದು ಜೋಡಿ ಆಕ್ಕತಿ. ಒಬ್ಬಾಕೀನ ನೀರಾಗ ಬಿದ್ದು ಬೇಜಾರಾಗ್ಯಾಳ.”

ಒಳ್ಳೆ ಮಾತೇ ಆಡಿದಳು. ಈಗ ಬರೆಯುವಾಗಲೂ ಅದರಲ್ಲಿ ಒಂದು ಕೊಂಕು ಹುಡುಕಿ ನೋಡಿದೆ, ಸಿಗಲಿಲ್ಲ. ಆದರೆ ಆಗ ನನಗೆ ಕೇಳಿಸಿದ್ದು ‘ಜೋಡಿ’ ಅನ್ನುವುದೊಂದೇ. ನನ್ನ ಮೊಮ್ಮಗಳು ಅವಳ ಮೊಮ್ಮಗಳ ಬೇಜಾರು ಕಳೆಯಲಿಕ್ಕೆ.

“ನಮ್ಮಾಕಿಗೆ ಕೊಳದ ನೀರು ಆಗಂಗಿಲ್ಲಕ್ಕಾ, ಮೈ ಕಡೀತತಿ. ಆಕಿಗೂ ಮನಸಿಲ್ಲ.”

“ಕೇಳಿಯೇನು ಆಕಿನ್ನ?”

“ಕೇಳೀನಿ.”

ಕೇಳಿರಲಿಲ್ಲ. ಹುಡುಗಿ ಅದೇ ಹೊತ್ತಿಗೆ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದಳು. ಸಂಜೆ ಬಂದಾಗಲೂ ಹೇಳಲಿಲ್ಲ.

ಆಯ್ಕೆ ನಡೆದದ್ದು ಸಂಡೂರು ಗುಡ್ಡದ ಕಡೆಯ ಒಂದು ಟೌನ್‌ಶಿಪ್ಪಿನಲ್ಲಿ. ನಾವು ಬಸ್ಸಿನಲ್ಲಿ ಹೋದೆವು, ಅವರು ಕಾರಿನಲ್ಲಿ ಬಂದರು. ಮೊದಲು ಪಿಸ್ತೂಲು. ಮೇಷ್ಟ್ರ ಹತ್ತಿರ ಇದ್ದ ಒಂದೇ ಗಾಳಿ ಪಿಸ್ತೂಲಿನಲ್ಲಿ ಇಬ್ಬರೂ ಕಲಿತದ್ದು, ಇಬ್ಬರದೂ ಅಷ್ಟಕ್ಕಷ್ಟೇ. ಆಮೇಲೆ ಓಟ. ನಮ್ಮ ಹುಡುಗಿ ಮುಗಿಸಿ ನೀರು ಕುಡಿದು ಮುಖ ಒರೆಸಿಕೊಂಡಾಗ ನೆಗೆಣ್ಣಿಯ ಹುಡುಗಿ ಇನ್ನೂ ಕೊನೆಯ ಸುತ್ತಿನಲ್ಲಿದ್ದಳು. ನಾನು ನೆಗೆಣ್ಣಿಯ ಕಡೆಗೆ ತಿರುಗಿ, ಮುಖಕ್ಕೆ ಮುಖ ಕೊಟ್ಟು ನಕ್ಕೆ. ಅವಳೂ ನಕ್ಕಳು. ಅದು ನನಗೆ ಬೇಕಾದ ಉತ್ತರವಾಗಿರಲಿಲ್ಲ.

ಕೊನೆಗೆ ಈಜು. ಆ ತುದಿ ಈ ತುದಿ ಸೇರಿ ಎಂಟು ಸಲ.

ನಮ್ಮ ಹುಡುಗಿ ಜೋರಾಗಿಯೇ ಧುಮುಕಿದಳು. ಅರ್ಧ ಕೊಳದಲ್ಲಿ ಅವಳ ಕೈ ನಿಧಾನವಾಯಿತು. ನೀರು ತನ್ನನ್ನು ಒಯ್ಯುತ್ತಿಲ್ಲ ಅಂತ ಅವಳ ಮೈಗೆ ಗೊತ್ತಾದದ್ದು ನನಗೆ ದಡದಿಂದಲೇ ಕಂಡಿತು. ಗೋಡೆ ಮುಟ್ಟಿದಳು, ನಿಂತಳು, ತಲೆ ಎತ್ತಿ ನೋಡಿದಳು. ಕಾಲುವೆಯಲ್ಲಾಗಿದ್ದರೆ ಆ ಹೊತ್ತಿಗೆ ದಡ ಹತ್ತಿ ಓಡಬೇಕಿತ್ತು. ಅರೆಗಳಿಗೆ ಹತ್ತಲು ಕೈಯೂ ಊರಿದಳು. ಕೂತಿದ್ದವರು ಯಾರೋ ನಕ್ಕರು. ಮೇಷ್ಟ್ರು “ತಿರುಗು! ತಿರುಗಲೇ!” ಅಂತ ಕೂಗಿದರು. ಪಕ್ಕದ ಸಾಲಿನಲ್ಲಿ ನೆಗೆಣ್ಣಿಯ ಹುಡುಗಿ ನೀರಿನೊಳಗೇ ಮಗುಚಿ, ಗೋಡೆಯನ್ನು ಒದ್ದು, ಮೀನಿನ ಹಾಗೆ ಹೋದಳು. ಏಳು ಗೋಡೆಗಳಲ್ಲಿಯೂ ನಮ್ಮವಳು ನಿಂತಳು. ಏಳು ಸಲವೂ ಅವಳು ನೋಡಿದ್ದು ನನ್ನ ಕಡೆಗೆ.

ಓಟದಲ್ಲಿ ಗಳಿಸಿದ್ದು ಅಲ್ಲೇ ಕರಗಿತು. ಸ್ವಲ್ಪದರಲ್ಲೇ ತಪ್ಪಿತು. ಬೆಂಗಳೂರು ಕ್ಯಾಂಪಿಗೆ ನೆಗೆಣ್ಣಿಯ ಮೊಮ್ಮಗಳ ಹೆಸರು ಬರೆದುಕೊಂಡರು.

ಬಟ್ಟೆ ಬದಲಿಸುವ ಕೋಣೆಯಿಂದ ಇಬ್ಬರು ಹುಡುಗಿಯರೂ ಜೊತೆಗೇ ಹೊರಬಂದರು. ನಮ್ಮವಳ ಮುಖ ಬೇರೆಯಾಗಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ಕೂತಳು. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಎದ್ದು ಬಂದು ನನ್ನ ಮುಂದೆ ನಿಂತಳು.

“ಅಜ್ಜೀ, ದೊಡ್ಡಜ್ಜಿ ನನ್ನ ಕೊಳಕ್ಕ ಕರದಿದ್ಲಂತ. ಖರೇನಾ?”

“ಖರೇ.”

“ನನಗ ಮನಸಿಲ್ಲ ಅಂದ್ಯಂತ.”

“ಅಂದೆ.”

“ಯಾಕ?”

ಏನಾದರೂ ಹೇಳಬಹುದಿತ್ತು. ಮೈ ಕಡಿತ, ದೂರ, ಬಸ್ಸಿಲ್ಲ.

“ಹೊಟ್ಟಿಕಿಚ್ಚಿಗೆ ಅಂದೆ.”

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. “ಆಕಿ ಮ್ಯಾಲೆ ಹೊಟ್ಟಿಕಿಚ್ಚು ನಿಂದು, ಸೋತಾಕಿ ನಾನು,” ಅಂದಳು. “ನಾಳೆ ನಾ ಅಲ್ಲಿಗೆ ಹೋಗ್ತೀನಿ. ನೀ ಬಂದು ಕೇಳ್ತಿಯೋ, ನಾನ ಕೇಳ್ಲೋ?”

ಮರುದಿನ ಅಂಗಡಿ ಮುಚ್ಚಿ, ಹುಡುಗಿಯನ್ನು ಕರೆದುಕೊಂಡು ಬಂಗಲೆಗೆ ಹೋದೆ. ಗೇಟಿನವನು ಹೆಸರು ಕೇಳಿ ಒಳಗೆ ಹೋದ, ಬಹಳ ಹೊತ್ತು ಬರಲಿಲ್ಲ. ಬೇಕಂತಲೇ ಕಾಯಿಸುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ಅವಳು ಹಿತ್ತಲಲ್ಲಿ ಕುದುರೆ ತೊಳೆಸುತ್ತಿದ್ದಳು, ಸೀರೆ ಮೊಣಕಾಲಿಗೆ ಕಟ್ಟಿಕೊಂಡು.

“ಬಾ, ಕುಂದ್ರು. ಕಡೀಗೂ ಬಂದ್ಯಾ? ಮೈ ಕಡಿಯೋದು ನಿಂತ್ತೇನು?”

“ನಿಂತಿಲ್ಲ. ಕಡೀತಾನೇ ಐತಿ. ಆದ್ರೂ ಕಲಸಾಕ ಹೇಳು ಈಕೀಗೆ.”

“ಕೇಳೋ ಮಾತಾ ಇದು?” ಅವಳು ಹುಡುಗಿಯ ಕಡೆ ನೋಡಿದಳು. “ಹೋಗವ್ವಾ, ಇಳಿ. ನಿಮ್ಮಜ್ಜಿ ಮನಸು ತಿರುಗೂದ್ರಾಗ ಇಳಿ.”

ಕೊಳದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದಳು. ನೀಲಿ ಟೈಲ್ಸು ನೋಡುತ್ತ ಕೂತೆ. ಕಲಿಸುವಾಕೆ ತೋರಿಸಿದಳು, ಹುಡುಗಿ ಮಗುಚಿದಳು, ಮೂಗಿಗೆ ನೀರು ಹೋಯಿತು, ಕೆಮ್ಮಿದಳು, ಮತ್ತೆ ಮಗುಚಿದಳು. ನೆಗೆಣ್ಣಿಯ ಮೊಮ್ಮಗಳು ಕ್ಯಾಂಪಿಗೆ ಹೊರಡುವ ತನಕ ಇಬ್ಬರೂ ಜೊತೆಗೇ ಈಜಿದರು, ಆಮೇಲೆ ಇವಳೊಬ್ಬಳೇ. ಇಡೀ ವರ್ಷ. ನಿಲ್ಲದೆ ತಿರುಗಲು ಬಂದ ದಿನ ನೀರಿನಿಂದ ತಲೆ ಎತ್ತಿ ನೋಡಿದ್ದು ದೊಡ್ಡಜ್ಜಿಯ ಕಡೆಗೆ. ನಾನು ಎರಡೇ ಮಾರು ದೂರದಲ್ಲಿ ಕೂತಿದ್ದೆ. ಹುಡುಗಿ ರೊಟ್ಟಿಯನ್ನೂ ಅಲ್ಲೇ ತಿನ್ನತೊಡಗಿದಳು. ಅವರ ಮನೆಯ ಕೆಂಪು ಖಾರ ಚೆನ್ನಾಗಿದೆ ಅಂದಳು. ನಾನು ಮಾಡುವುದೂ ಅದೇ ಖಾರ, ನಮ್ಮಿಬ್ಬರಿಗೂ ಕಲಿಸಿದವಳು ಒಬ್ಬಳೇ ಅತ್ತೆ.

ಮರುವರ್ಷದ ಆಯ್ಕೆಗೆ ನಾನು ಹೋಗಲಿಲ್ಲ. ನೀನು ದಡದಲ್ಲಿದ್ದರೆ ನಿನ್ನನ್ನೇ ನೋಡುತ್ತೇನೆ, ಬೇಡ ಅಂದು ಹುಡುಗಿ ಮೇಷ್ಟ್ರ ಜೊತೆ ಹೋದಳು. ಅಂಗಡಿಯಲ್ಲಿ ಫೋನು ಪಕ್ಕಕ್ಕಿಟ್ಟುಕೊಂಡು ಮಿರ್ಚಿ ಕರಿದೆ. ಮಧ್ಯಾಹ್ನವಾಯಿತು, ರಿಂಗಾಗಲಿಲ್ಲ. ನಾಲ್ಕು ಗಂಟೆಗೆ ಬಿಳಿ ಕಾರು ಬಂತು. ನೆಗೆಣ್ಣಿ ಇಳಿದು ಬಂದು ಬೆಂಚಿನ ಮೇಲೆ ಕೂತಳು.

“ಆತಲೇ,” ಅಂದಳು. “ಈ ಸಲ ನಿಮ್ಮಾಕೀದಾತು. ಈಗ ಫೋನ್ ಮಾಡಿದ್ಲು.”

“ಯಾರಿಗೆ ಮಾಡಿದ್ಲು?”

“ನನಗೆ.”

ಎರಡು ತಟ್ಟೆಗೆ ಒಗ್ಗರಣಿ ಹಾಕಿದೆ. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವಳ ತಟ್ಟೆಗೆ ಮಿರ್ಚಿ ಹಾಕುವಾಗ ಸಣ್ಣದು ಯಾವುದು ಅಂತ ಹುಡುಕಿದೆ.