ಒಂದೇ ಕೆನ್ನೆಗೆ ಹಚ್ಚಲಾಗದ ಕಮಲಕ್ಕ

ನಗಬೇಡಿ ಎಂದರೆ ಕಮಲಕ್ಕನಿಗೆ ನಗು ಬರುತ್ತಿತ್ತು. ನಮ್ಮ ಕ್ಯಾಮೆರಾ ಮುಖದ ಒಂದೊಂದು ಗೆರೆಯ ಆಳವನ್ನೂ ಬರಿಗಣ್ಣಿಗೆ ಕಾಣದ ಬಿಸಿಲಿನ ಕಲೆಗಳನ್ನೂ ಅಳೆಯುವಂಥದ್ದು. ನಕ್ಕರೆ ಲೆಕ್ಕವೆಲ್ಲ ತಪ್ಪುತ್ತದೆ. ಒಮ್ಮೆ ಕಂಪ್ಯೂಟರು ಅವರ ಚರ್ಮದ ವಯಸ್ಸನ್ನು ನಿಜ ವಯಸ್ಸಿಗಿಂತ ಹೆಚ್ಚು ತೋರಿಸಿದಾಗ ಅವರು ಪರದೆಯನ್ನೇ ಗದರಿಸಿದರು. "ಏ, ಇದನ್ನ ತಯಾರ ಮಾಡಿದವರಿಗೆ ಫೋನ್ ಹಚ್ಚು ತಂಗಿ. ನನ್ನ ಬರ್ತ್ ಸರ್ಟಿಫಿಕೇಟ್ ತೋರಸ್ತೀನಿ!"

ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಮುಪ್ಪು ತಡೆಯುವ ಕ್ರೀಮುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಮಲಕ್ಕ ಅಲ್ಲಿಗೆ ಬರುತ್ತಿದ್ದ ಸ್ವಯಂಸೇವಕಿ. ಮೂಲ ವಿಜಯಪುರದವರು, ಗಂಡನಿಗೆ ವಾಶಿಯಲ್ಲಿ ಮಸಾಲೆ ವ್ಯಾಪಾರ, ಮನೆ ಸಾನಪಾಡಾದಲ್ಲಿ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡ ಅರ್ಧ ಮರಾಠಿ. ಆದರೂ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕಿವಿಗೆ ಬಿದ್ದದ್ದೇ ತಡ, ನನ್ನನ್ನು ತಂಗಿ ಮಾಡಿಕೊಂಡುಬಿಟ್ಟರು. ಆಮೇಲೆ ಬಂದಾಗಲೆಲ್ಲ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಡಬ್ಬಿ ತರುತ್ತಿದ್ದರು. ಪ್ರಯೋಗಾಲಯದೊಳಗೆ ತಿನ್ನುವಂತಿಲ್ಲ ಎಂದು ಎಷ್ಟು ಹೇಳಿದರೂ ಅದು ಅವರ ತಲೆಗೆ ಹೋಗಲಿಲ್ಲ.

ಅದು ನನಗೆ ಒಪ್ಪಿಸಿದ ಮೊದಲ ಪ್ರಯೋಗ. ಕಂಪ್ಯೂಟರು ಲೆಕ್ಕವಿಲ್ಲದಷ್ಟು ಅಣುಗಳಲ್ಲಿ ಹುಡುಕಿ ಆರಿಸಿದ ಹೊಸ ಪೆಪ್ಟೈಡ್, ಪ್ರೋಟೀನಿನ ಒಂದು ಚಿಕ್ಕ ತುಣುಕು, ಆ ಕ್ರೀಮಿನಲ್ಲಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು; ಇನ್ನು ಮನುಷ್ಯರ ಮುಖದ ಮೇಲೆ ತೋರಿಸಬೇಕಿತ್ತು. ನಿಯಮ ಸರಳ. ಎಡಗೆನ್ನೆಗೆ ಕ್ರೀಮು, ಬಲಗೆನ್ನೆಗೆ ಏನೂ ಇಲ್ಲ, ಕೊನೆಗೆ ಎರಡನ್ನೂ ಹೋಲಿಸುವುದು. ಇದು ಸುಸೂತ್ರವಾಗಿ ಮುಗಿದರೆ ಮಾತ್ರ ನನ್ನ ನೌಕರಿ ಕಾಯಂ ಎಂದಿದ್ದರು. ಆ ಚಿಂತೆಯನ್ನು ಕಮಲಕ್ಕನ ಹತ್ತಿರ ತೋಡಿಕೊಂಡಿದ್ದೆ.

ಫಲಿತಾಂಶ ಬಂತು. ಸ್ವಯಂಸೇವಕಿಯರಲ್ಲಿ ಹೆಚ್ಚಿನವರು ಸಾನಪಾಡಾದ ಕಮಲಕ್ಕನ ಬಿಲ್ಡಿಂಗಿನವರು; ಅವರ ಎರಡೂ ಕೆನ್ನೆಗಳ ಗೆರೆಗಳು ಒಂದೇ ಸಮ ಕಡಿಮೆಯಾಗಿದ್ದವು. "ದೋನೋ ಗಾಲ್ ಸೇಮ್. ಕ್ರೀಮ್ ನಹೀ, ಬಾರಿಶ್ ಕೀ ಹವಾ ಹೈ," ಎಂದರು ನಮ್ಮ ಸಾಹೇಬರು. ಮಳೆಗಾಲದ ತೇವಕ್ಕೆ ಎರಡೂ ಕೆನ್ನೆ ಹಾಗೆ ನುಣುಪಾಗುವುದುಂಟು, ಕ್ರೀಮಿನದೇನೂ ಇಲ್ಲ ಎಂಬುದು ಅವರ ಮಾತು. ಸ್ವಯಂಸೇವಕಿಯರಿಗೆಲ್ಲ ಫೋನು ಮಾಡಿ, ನಿಯಮ ಪಾಲಿಸಿದಿರಾ ಎಂದು ಕೇಳಿದೆ. ಎಲ್ಲರೂ ಹೌದೆಂದರು. ಕಮಲಕ್ಕನೂ ಹೌದೆಂದರು.

ಮರುದಿನ ಅವರು ಕರೆಯದೇ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ತಂಗಿ, ನಿನ್ನೆ ಫೋನಿನ್ಯಾಗ ಸುಳ್ಳು ಹೇಳಿದೆ. ಎರಡೂ ಕೆನ್ನಿಗೆ ಹಚ್ಚಗೊಂಡೀನಿ."

"ಯಾಕ್ರೀ ಅಕ್ಕಾ?"

"ಏನ್ ಮಾಡ್ಲಿ? ಅರಿಷಿಣ ಹಚ್ಚಿದ ಕೈ ಇದು. ಮನಿಗೆ ಬಂದಾಕಿಗೆ ಒಂದ ಕೆನ್ನಿಗೆ ಅರಿಷಿಣ ಹಚ್ಚಿ ಕಳಸ್ತೀವೇನು? ಎಡಕ್ಕ ಹಚ್ಚಿದ ಕೂಡ್ಲೆ ಬೆರಳು ತಾನಾಗೇ ಬಲಕ್ಕ ಹೋಗ್ತಿತ್ತು. ಒಂದೇ ಕೆನ್ನಿಗೆ ಹಚ್ಚೂದು ಅಪಶಕುನ ಅಂತ ನಮ್ಮ ಬಿಲ್ಡಿಂಗಿನ್ಯಾಗ ಎಲ್ಲಾರಿಗೂ ನಾನೇ ಹೇಳಿದೆ."

"ಎಲ್ಲಾರಿಗೂ?"

"ಗೇಟಿನ ಹಂತೇಕ ನಿಂತಾರ. ಕರೀಲಿ?"

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಿಯಮ ಮುರಿದವರನ್ನು ನಾವು ಮತ್ತೆ ಯಾವ ಪ್ರಯೋಗಕ್ಕೂ ಕರೆಯುವಂತಿಲ್ಲ. ಅದು ಅವರಿಗೆ ಗೊತ್ತಿತ್ತು. ಪ್ರತಿ ತಿಂಗಳು ಇಸ್ತ್ರಿ ಮಾಡಿದ ಸೀರೆಯುಟ್ಟು ಇಲ್ಲಿಗೆ ಬರುವುದು ಅವರಿಗೆ ಹಬ್ಬವೆಂಬುದು ನನಗೂ ಗೊತ್ತಿತ್ತು.

"ಬ್ಯಾಸರ ಆಗತೈತಿ, ಇಲ್ಲ ಅನ್ನಂಗಿಲ್ಲ," ಎಂದರು. "ಈ ವಯಸ್ಸಿನ್ಯಾಗ ನನ್ನ ಮಾರಿ ಇಷ್ಟು ಕಾಳಜಿಲೆ ಯಾರು ನೋಡ್ತಾರ? ಆದ್ರ ನಿನ್ನ ನೌಕರಿ ಹೋಗಬಾರದು. ಅವ್ರನ್ನ ಒಳಗ ಕರಿ, ನಿಮ್ಮ ಸಾಹೇಬ್ರ ಮುಂದ ಎಲ್ಲಾರೂ ಖರೇ ಹೇಳ್ತೀವಿ."

ಅವರೆಲ್ಲರ ಹೇಳಿಕೆಯಿಂದಾಗಿ ಪ್ರಯೋಗವನ್ನು ಹೊಸ ಹೆಂಗಸರೊಡನೆ ಮೊದಲಿನಿಂದ ನಡೆಸಲು ಸಾಹೇಬರು ಒಪ್ಪಿದರು. ಈ ಸಲ ಬಲಗೆನ್ನೆಗೂ ಒಂದು ಡಬ್ಬಿ ಕೊಡೋಣ, ಪೆಪ್ಟೈಡ್ ಇಲ್ಲದ ಬರೀ ಕ್ರೀಮು ಎಂದು ಹಟ ಹಿಡಿದೆ. ಎರಡೂ ಕೆನ್ನೆಗೆ ಹಚ್ಚಿ ರೂಢಿಯಾದ ಕೈಗೆ ಅದರಿಂದ ಸಮಾಧಾನವಾಯಿತು. ಕೊನೆಗೆ ವ್ಯತ್ಯಾಸ ಕಂಡಿತು. ಜಾಹೀರಾತಿನವರು ಕುಣಿದಾಡುವಷ್ಟಲ್ಲ, ಆದರೆ ಅಲ್ಲಗಳೆಯಲಾಗದಷ್ಟು. ನನ್ನ ನೌಕರಿ ಕಾಯಂ ಆಯಿತು.

ಕಮಲಕ್ಕ ಈಗಿಲ್ಲ. ಹೋದ ದೀಪಾವಳಿಗೆ ಮುಂಚೆ ಹೃದಯಾಘಾತವಾಯಿತು. ನಾನು ಇಂದು ಉಣ್ಣುವ ಅನ್ನದಲ್ಲಿ ಅವರ ಪಾಲಿದೆ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಅವರನ್ನು ಕೊನೆಯ ಸಲ ಕಂಡದ್ದು, ನೌಕರಿ ಕಾಯಂ ಆದ ವಾರ ಪೇಢಾ ಹಿಡಿದುಕೊಂಡು ಸಾನಪಾಡಾಕ್ಕೆ ಹೋದ ಭಾನುವಾರ. ಗಂಡ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ನಿಮ್ಮಿಂದಲೇ ನನ್ನ ನೌಕರಿ ಉಳಿಯಿತು ಎಂದೆ. ಕಮಲಕ್ಕನಿಗೆ ತಿಳಿಯಬೇಕಾದದ್ದು ಬೇರೆಯೇ ಇತ್ತು.

"ಅದಿರ್ಲಿ. ಕ್ರೀಮು ಖರೇನ ಕೆಲಸ ಮಾಡತೈತಿ ಅಂದಿ. ಹಂಗಾರ ನಾನೂ ಚಂದ ಆಗಿದ್ನೇನು?"

ಅವರಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಸ್ವಲ್ಪ, ಅಕ್ಕಾ. ಸ್ವಲ್ಪೇ ಸ್ವಲ್ಪ."

"ಸ್ವಲ್ಪ ಆದ್ರೂ ಖರೇ ಐತಲ್ಲ!" ಎಂದವರೇ ಗಂಡನತ್ತ ತಿರುಗಿದರು. "ಕೇಳಿದ್ರೇನು? ಮಷೀನ್ಯಾಗ ಬಂದೈತಂತ. ಈಗರೆ ಇತ್ತಾಗ ನೋಡ್ರಿ."

ಗಂಡ ಟಿವಿ ಬಂದ್ ಮಾಡಿದರು. ಕನ್ನಡಕ ಹಾಕಿಕೊಂಡು, ಎದುರಿಗೆ ಬಂದು ಕೂತ ಹೆಂಡತಿಯ ಮುಖವನ್ನು ನೋಡತೊಡಗಿದರು. ನಾನು ಪೇಢಾದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಂದೆ.