ದಿಕ್ಕು ತಪ್ಪದ ಗುರುಬಸಪ್ಪ ಮಾಸ್ತರು

ನಾರಾಯಣಖೇಡದಲ್ಲಿ ಗುರುಬಸಪ್ಪ ಮಾಸ್ತರಷ್ಟು ನಿಧಾನ ನಡೆಯುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವರು ಮನೆ ಬಿಟ್ಟಾಗಲೇ ಕೆರೆಗೆ ಹೊರಟ ಎಮ್ಮೆ ನೀರು ಕುಡಿದು, ಮೈ ನೆನೆಸಿಕೊಂಡು ತಿರುಗಿ ಬರುವಾಗ ಮಾಸ್ತರು ಇನ್ನೂ ಚಾವಡಿಯ ಮುಂದೆಯೇ ಇರುತ್ತಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಸರಕಾರಿ ಸಾಲಿಗೆಂದು ಹೊಲಿಸಿದ ಶೇರವಾನಿ. ಅದರ ಗುಂಡಿಗಳು ಹೊಟ್ಟೆಯ ಮೇಲೆ ಜೀವ ಬಿಗಿಹಿಡಿದು ನಿಂತಿರುತ್ತಿದ್ದವು. ಇಂಥವರು ನಮಗೆ ವೇಗದ ಪಾಠ ಹೇಳಬೇಕೆ! ಬಜಾರಿನ ಮಂದಿ ಚೇಷ್ಟೆ ಮಾಡಿದರೆ ಮಾಸ್ತರು ನಿಂತು, ಉಸಿರು ತಗೊಂಡು ಒಂದೇ ಮಾತು ಹೇಳುತ್ತಿದ್ದರು: “ನಂದು ರಫ್ತಾರ್ ಕಮ್ಮಿ ಅದ, ಖರೆ. ದಿಕ್ಕ ತಪ್ಪಿಲ್ಲ ನೋಡ್ರಿ.”

ಅದು ನಿಜಾಮರ ಕಾಲ. ನಮ್ಮ ಮನೆಮಾತು ಕನ್ನಡ, ಬಜಾರಿನ ಮಾತು ದಖನಿ, ಸಾಲಿಯ ಪುಸ್ತಕವೆಲ್ಲ ಉರ್ದು, ಪಾಠವೂ ಉರ್ದುವಿನಲ್ಲೇ ಆಗಬೇಕೆಂದು ಸರಕಾರದ ಹುಕುಂ. ಮಾಸ್ತರು ಪುಸ್ತಕದ ಸಾಲನ್ನು ಒಮ್ಮೆ ಗಂಭೀರವಾಗಿ ಓದಿ, ಬಾಗಿಲ ಕಡೆ ಒಂದು ಕಣ್ಣಿಟ್ಟು, ಆಮೇಲೆ ಕನ್ನಡಕ್ಕೆ ಇಳಿಯುತ್ತಿದ್ದರು. ಅವರ ತರಗತಿಯಲ್ಲಿ ಒಂದು ಶಬ್ದಕ್ಕೆ ಮಾತ್ರ ಬಹಿಷ್ಕಾರ ಇತ್ತು: ಜೋರು. ನಮ್ಮ ಕಡೆ ಮಳೆಯೂ ಜೋರು, ಅತ್ತೆಯ ಬಾಯಿಯೂ ಜೋರು, ಟಾಂಗಾ ಕುದುರೆಯೂ ಜೋರು. ಯಾರಾದರೂ ಅಂದರೆ ಮಾಸ್ತರು ಕಿವಿ ಹಿಂಡುತ್ತಿದ್ದರು. “ಜೋರ ಅನಬ್ಯಾಡ. ಎಷ್ಟ ಅನ್ನು, ಯಾಕಡಿ ಅನ್ನು, ಬದಲಾಗಾಕ ಹತ್ಯದೇನು ಅನ್ನು.” ಈಗಿನ ಪುಸ್ತಕದಲ್ಲಿ ಜವ, ವೇಗ, ವೇಗೋತ್ಕರ್ಷ ಅನ್ನುತ್ತಾರಲ್ಲ, ಅವರ ಬಾಯಲ್ಲಿ ಅವು ಈ ಮೂರು ಪ್ರಶ್ನೆಗಳು, ಅಷ್ಟೇ. ಒಮ್ಮೆ ನಮ್ಮನ್ನೆಲ್ಲ ಸಂತೆಯ ಬಯಲಿನವರೆಗೆ ನಡೆಸಿಕೊಂಡು ಹೋಗಿ, ತಿರುಗಿ ಅದೇ ಬಾಗಿಲಿಗೆ ತಂದು ನಿಲ್ಲಿಸಿ, “ನಡದದ್ದು ಬೇಕಾದಷ್ಟು. ಮುಟ್ಟಿದ್ದು ಎಲ್ಲಿಗಿ?” ಎಂದು ಕೇಳಿದರು. ಹುಡುಗರು ನಕ್ಕರು. ನನಗೆ ಯಾಕೋ ನಗು ಬರಲಿಲ್ಲ. ಓದು ಮುಗಿಸಿ ತಿರುಗಿ ಅಡಿಗೆಮನೆಗೇ ಹೋಗುವವಳು ಆ ತರಗತಿಯಲ್ಲಿ ನಾನೊಬ್ಬಳೇ ಇದ್ದೆ.

ನಮ್ಮಪ್ಪ ತೊಗರಿ ವ್ಯಾಪಾರಿ. ಕೆಟ್ಟವನಲ್ಲ, ಆದರೆ ಮಾತೆಂದರೆ ಮಾತು. ನಮ್ಮೂರ ಸಾಲಿ ಮುಗಿದಾಗ ಮಾಸ್ತರೇ ಮನೆಗೆ ಬಂದು, ತಾಂಡೂರಿನ ದೊಡ್ಡ ಸಾಲಿಗೆ ಹಾಕಿರಿ, ಅಲ್ಲಿ ಸೋದರಮಾವನ ಮನೆ ಇದೆಯಲ್ಲ ಎಂದು ಹಟ ಹಿಡಿದು ಕೂತರು. ಚಹಾ ಆರಿತು, ಮಾಸ್ತರು ಏಳಲಿಲ್ಲ. ಆ ಸಾಲಿಗೆ ಸೇರಬೇಕಾದರೆ ಬಾಯಿಪರೀಕ್ಷೆ ಕೊಡಬೇಕು. ಅಪ್ಪ ಕಡೆಗೆ, “ಆತು. ಪಾಸಾದ್ರ ಸಾಲಿ, ನಪಾಸಾದ್ರ ಲಗ್ನ” ಅಂದ. ವರನ ಕಡೆಯವರು ಆಗಲೇ ಹೇಳಿಕಳಿಸಿದ್ದರು.

ಪರೀಕ್ಷೆಗೆಂದು ಮಾಸ್ತರು, ಅಪ್ಪ, ನಾನು ಮೂವರೂ ಹೊರಟೆವು. ಜಹೀರಾಬಾದಿನ ತನಕ ಬಂಡಿ, ಅಲ್ಲಿಂದ ರೈಲು. ನಾನು ರೈಲು ಹತ್ತಿದ್ದು ಅದೇ ಮೊದಲು. ಗಾಡಿ ಹೊರಟೊಡನೆ ನಾನು ಹಿಂದಕ್ಕೆ ಒರಗಿದೆ. “ಗಾಡಿ ಮುಂದ ಹೊಂಟದ, ನೀ ಯಾಕ ಹಿಂದ ಹೋಗ್ತಿ?” ಅಂದರು ಮಾಸ್ತರು. ಅದು ಒಂದೇ ಹದದಲ್ಲಿ ಓಡತೊಡಗಿದಾಗ ಕಣ್ಣು ಮುಚ್ಚಿಸಿ, ಈಗ ಏನು ಗೊತ್ತಾಗುತ್ತದೆ ಎಂದು ಕೇಳಿದರು. ಖಡಖಡ ಸದ್ದು ಬಿಟ್ಟರೆ ಏನೂ ಇಲ್ಲ. ಓಡುವುದು ಮೈಗೆ ತಿಳಿಯುವುದಿಲ್ಲ, ಬದಲಾಗುವುದಷ್ಟೇ ತಿಳಿಯುತ್ತದೆ ಎಂದು ಆಗ ಹೇಳಿದರು. ಮುಂದೆ ಹಳಿ ಒಂದು ಕಡೆ ತಿರುಗಿತು, ನಾನು ನಿದ್ದೆ ಮಾಡುತ್ತಿದ್ದ ಅಪ್ಪನ ಮೇಲೆ ಬಿದ್ದೆ. ಅವನು ಗಾಬರಿಯಾಗಿ ಎದ್ದ. ಮಾಸ್ತರಿಗೆ ಆನಂದವೋ ಆನಂದ.

ತಾಂಡೂರಿನಲ್ಲಿ ಪರೀಕ್ಷೆ ಮಾಡಲು ಕೂತವರು ಬೆಳ್ಳಿಗಡ್ಡದ ಹಿರಿಯರು, ಜೊತೆಗೆ ಇಬ್ಬರು ಮಾಸ್ತರರು. ನಮ್ಮ ಮಾಸ್ತರೂ ಅಪ್ಪನೂ ಬಾಗಿಲಲ್ಲಿ. ಲೆಕ್ಕ ಆಯಿತು, ಭೂಗೋಳ ಆಯಿತು. ಆಮೇಲೆ ಹಿರಿಯರು ಕೇಳಿದರು: “ಇಸ್ರಾ ಕ್ಯಾ ಹೈ, ಬೇಟಿ?”

ವೇಗೋತ್ಕರ್ಷಕ್ಕೆ ಉರ್ದು ಪುಸ್ತಕದ ಶಬ್ದ ಇಸ್ರಾ. ನನ್ನ ಕಿವಿಗೆ ಬಿದ್ದದ್ದು ಇಸಾರ! ಸೌದಾ ಕುದುರಿದಾಗ ಮುಂಗಡ ಕೈಗಿಡುವುದಕ್ಕೆ ನಮ್ಮಲ್ಲಿ ಇಸಾರ ಅನ್ನುತ್ತಾರೆ. ತೊಗರಿ ವ್ಯಾಪಾರಿಯ ಮನೆಯಲ್ಲಿ ಬೆಳಗಾದರೆ ಅದೇ ಮಾತು. ನಾನು ಧೈರ್ಯವಾಗಿ, ಅದು ಮಾಲು ಎತ್ತುವ ಮೊದಲು ಕೊಡುವುದು, ಮಾತು ಮುರಿದರೆ ತಿರುಗಿ ಬರುವುದಿಲ್ಲ ಎಂದು ದಖನಿಯಲ್ಲಿ ಒಪ್ಪಿಸಿದೆ. ಮೂವರೂ ಹೋ ಎಂದು ನಕ್ಕರು. ಅಪ್ಪನೊಬ್ಬ ಹೆಮ್ಮೆಯಿಂದ ತಲೆದೂಗಿದ, ಅವನ ಪ್ರಕಾರ ಉತ್ತರ ಬರೋಬ್ಬರಿ ಇತ್ತು.

ಮಾಸ್ತರ ಮುಖ ಬಿಳಿಚಿಹೋಗಿತ್ತು. ಅವರು ಬಾಯಿ ತೆರೆಯುವಂತಿರಲಿಲ್ಲ. ನನ್ನ ಕಣ್ಣ ಮುಂದೆ ಲಗ್ನದ ಹಂದರವೇ ಬಂತು. ಆದರೆ ಆ ಹಿರಿಯರು ದೊಡ್ಡ ಮನಸ್ಸಿನವರು. ನಗು ನಿಲ್ಲಿಸಿ, ಇದು ಬಜಾರಿನ ಮಾತಲ್ಲ ಮಗಳೇ, ರಫ್ತಾರಿನದು ಎಂದರು. ಅಷ್ಟೇ ಸಾಕಾಯಿತು, ಬೆನ್ನಿಗೆ ರೈಲಿನ ಹಲಗೆ ಒತ್ತಿದ ಹಾಗಾಯಿತು. ರಫ್ತಾರು ಬದಲಾಗುವುದೇ ಇಸ್ರಾ, ಗಾಡಿ ಬಿಡುವಾಗ ಹಿಂದಕ್ಕೆ ಒರಗುತ್ತೇವಲ್ಲ, ಅದರಿಂದ ಗೊತ್ತಾಗುತ್ತದೆ ಅಂದೆ. ಅವರು ಮುಂದಕ್ಕೆ ಬಾಗಿ, ರಫ್ತಾರು ಅಷ್ಟೇ ಇದ್ದರೆ ಇಸ್ರಾ ಇರಬಹುದೇ ಎಂದರು.

“ಇರ್ತದರಿ,” ನನಗೆ ಉರ್ದು ಮರೆತೇ ಹೋಯಿತು. “ದಿಕ್ಕ ಬದಲಾದ್ರ ಸಾಕರಿ. ಹಾದ್ಯಾಗ ಹಳಿ ತಿರುಗ್ತು, ನಾ ನಮ್ಮಪ್ಪನ ಮ್ಯಾಲ ಬಿದ್ದೆ.”

ಹಿರಿಯರಿಗೆ ನಮ್ಮ ಕನ್ನಡ ತಿಳಿಯುತ್ತಿತ್ತು. ಬಾಗಿಲಲ್ಲಿದ್ದ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, “ಶಾಬಾಶ್” ಎಂದು ಮೇಜು ತಟ್ಟಿದರು. ತನ್ನ ಮೇಲೆ ಬಿದ್ದದ್ದಕ್ಕೆ ಶಾಬಾಶ್ ಯಾಕೆಂದು ಅಪ್ಪನಿಗೆ ಅರ್ಥವಾಗದಿದ್ದರೂ ಎರಡೂ ಕೈ ಎತ್ತಿ ಮುಗಿದ. ಮಾಸ್ತರು ಶೇರವಾನಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು. ನಾನು ಗೆದ್ದಿದ್ದೆ.

ಓದು ಮುಗಿಸಿ ನಾನೇ ಜಹೀರಾಬಾದಿನ ಹೆಣ್ಣುಮಕ್ಕಳ ಸಾಲಿಗೆ ವಿಜ್ಞಾನ ಕಲಿಸಲು ಬಂದಾಗಲೂ ರಾಜ್ಯ ನಿಜಾಮರದೇ ಇತ್ತು. ಒಂದು ಬೆಳಿಗ್ಗೆ ತರಗತಿಗೆ ಹೋದರೆ ಹಿಂದಿನ ಬೆಂಚಿನ ಮೇಲೆ ಗುರುಬಸಪ್ಪ ಮಾಸ್ತರು ಕೂತಿದ್ದಾರೆ! ಕೂದಲು ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು. ಹೇಳದೆ ಕೇಳದೆ ಬಂದಿದ್ದರು. ಹುಡುಗಿಯರು ಎದ್ದು ನಿಂತರು, ಕೋಲೂರಿಕೊಂಡು ಅವರೂ ಎದ್ದರು. ನಾನು ಓಡಿಹೋಗಿ, ನೀವು ಏಳಬಾರದರಿ ಎಂದು ಕೈ ಹಿಡಿದೆ. ಅವರು ಒಪ್ಪಲಿಲ್ಲ.

“ಕ್ಲಾಸಿನಾಗ ನಿಯಮ ಎಲ್ಲಾರಿಗೂ ಒಂದೇ, ಅಕ್ಕೋರ. ನೀವು ಹೇಳ್ರಿ, ಕುಂದರ್ತೀನಿ.”

ಅದೇ ನಮ್ಮ ಕೊನೆಯ ಭೇಟಿ. ನಾನು ಅವರ ಪಾದ ಮುಟ್ಟಿ, ಹಲಗೆಯ ಹತ್ತಿರ ಹೋಗಿ ನಿಂತು, “ಕುಂದರ್ರಿ” ಅಂದೆ. ಹುಡುಗಿಯರೆಲ್ಲರ ಜೊತೆ ಮಾಸ್ತರೂ ಕೂತರು.